ಒಂದು ಕಾದಂಬರಿ, ಎರಡು ತೆರೆ

ಟಾಲ್‌ಸ್ಟಾಯ್ ಮಹಾಶಯರ 'ಯುದ್ಧ ಮತ್ತು ಶಾಂತಿ'ಯನ್ನು 1956ರಲ್ಲಿ ಅಮೆರಿಕದ ಕಿಂಗ್ ವಿಡೋರ್ ಸುಮಾರು ಮೂರೂವರೆ ಗಂಟೆಗಳಲ್ಲಿ ಹೇಳಿ ಮುಗಿಸಿದರೆ, ಮುಂದಿನ ದಶಕದಲ್ಲಿ ರಷ್ಯದ ಬೊಂಡಾರ್ಚುಕ್ ಅದಕ್ಕೆ ನಾಲ್ಕು ಭಾಗಗಳನ್ನೇ ವ್ಯಯಿಸಿದರು. ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುವ ಹೊಸಕೋಟೆ ಸೀಮೆಯ ಪಿಲ್ಲಗುಂಪೆಯಲ್ಲಿ ಕುಳಿತವನಿಗೆ ಇನ್ನೊಂದು ಜೋಡಿ ಸಹಜವಾಗಿಯೇ ನೆನಪಾಗುತ್ತದೆ.

ಭೈರಪ್ಪನವರ 'ವಂಶವೃಕ್ಷ'ವು 1972ರಲ್ಲಿ ಬಿ.ವಿ. ಕಾರಂತ ಹಾಗೂ ಗಿರೀಶ ಕಾರ್ನಾಡರ ಜಂಟಿ ನಿರ್ದೇಶನದಲ್ಲಿ ಕನ್ನಡ ಚಿತ್ರವಾಯಿತು. 1980ರಲ್ಲಿ ಬಾಪು ಅದನ್ನು ತೆಲುಗಿಗೆ ಕೊಂಡೊಯ್ದರು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು, ವೈಧವ್ಯವನ್ನು ಮೀರಿ ಪುನರ್ವಿವಾಹವಾಗುವ ಸೊಸೆ ಕಾತ್ಯಾಯನಿ, ಕಡೆಗೆ ಶ್ರೋತ್ರಿಗಳಿಗೆ ತಿಳಿದುಬರುವ ತಮ್ಮದೇ ಜನ್ಮರಹಸ್ಯ: ಕಥೆ ಅದೇ. ಆದರೆ ಮುಖ ಬೇರೆ. ತೆಲುಗಿನಲ್ಲಿ ಶ್ರೋತ್ರಿಗಳಾದವರು ಸೋಮಯಾಜುಲು. ಅದೇ ವರ್ಷ ತೆರೆಕಂಡಿದ್ದ 'ಶಂಕರಾಭರಣ'ದಲ್ಲಿ ಅವರೇ ನಟಿಸಿದ್ದ ಶಂಕರಶಾಸ್ತ್ರಿಗಳನ್ನು ಕಣ್ಣಲ್ಲಿ ತುಂಬಿಕೊಂಡು ಬಂದ ಪ್ರೇಕ್ಷಕನು, ಪಾತ್ರವು ಬಾಯಿ ತೆರೆಯುವ ಮೊದಲೇ ಕೈಮುಗಿದಿದ್ದರೆ ಆಶ್ಚರ್ಯವೇನು? ಕನ್ನಡದ ಶ್ರೋತ್ರಿಗಳಿಗೆ ಅಂಥ ಪೂರ್ವಾರ್ಜಿತ ಗೌರವವಿರಲಿಲ್ಲ. ನನ್ನ ಮಟ್ಟಿಗೆ ಆ ಪಾತ್ರಕ್ಕೆ ಅದೇ ಒಳಿತಾಯಿತು.

ಕಾಲವೂ ಮುಖಗಳನ್ನು ತಿದ್ದುತ್ತದೆ. ಕನ್ನಡ ಚಿತ್ರದ ಸಣ್ಣ ಪಾತ್ರವೊಂದರಲ್ಲಿ ಇಂದಿನವರು ಹುಡುಕುವುದು ವಿಷ್ಣುವರ್ಧನರನ್ನು. ತೆಲುಗಿನಲ್ಲಿ, ಎಳೆಯ ಅನಿಲ್ ಕಪೂರರನ್ನು.