ಹಲಗೆಯ ಮೇಲಣ ಕನ್ನಡ



ಒಂದು ಊರಿನ ನುಡಿಯನ್ನು ಅರಿಯಬೇಕೆನ್ನುವವನು ಮೊದಲು ಅಲ್ಲಿನ ಪುಸ್ತಕಭಂಡಾರಕ್ಕೆ ಹೋಗಬೇಕಾದುದಿಲ್ಲ. ಪೇಟೆಯ ಬೀದಿಯಲ್ಲಿ ಒಂದು ಸಲ ನಡೆದು ಬಂದರೆ ಸಾಕು. ಅಂಗಡಿಯ ನೆತ್ತಿಯ ಮೇಲೆ, ಬಸ್ಸಿನ ಹಣೆಯ ಮೇಲೆ, ಕಚೇರಿಯ ಬಾಗಿಲಿನಲ್ಲಿ, ಮದುವೆಯ ಚಪ್ಪರದಲ್ಲಿ ಅಕ್ಷರಗಳು ತಾವಾಗಿಯೇ ನಮ್ಮೊಡನೆ ಮಾತಾಡುತ್ತವೆ. ಹೀಗೆ ಎಲ್ಲರ ಕಣ್ಣಿಗೂ ಬೀಳುವ ಬರವಣಿಗೆಯಲ್ಲಿ ನುಸುಳುವ ತಪ್ಪುಗಳನ್ನು ಕುರಿತು, ಅದರಲ್ಲಿಯೂ ನಮ್ಮ ನಾಡಿನ ಬಡಗಣ ತುದಿಯಾದ ಬೀದರ್, ಭಾಲ್ಕಿ, ಔರಾದ್ ಸೀಮೆಯ ಬರವಣಿಗೆಯನ್ನು ಕುರಿತು, ಈ ದಿನ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇಂಗ್ಲಿಷ್ ಬರೆಯುವವರನ್ನು ಬಹಳವಾಗಿ ಕಾಡುವುದು, ಅಕ್ಷರಗಳ ನಡುವೆ ಮೇಲುಗಡೆ ಅಲ್ಪವಿರಾಮದಂತೆ ತೂಗುವ ಒಂದು ಚಿಹ್ನೆ. ಅದು ಬೇಕಾದಲ್ಲಿ ಬಿಟ್ಟುಹೋಗುತ್ತದೆ, ಬೇಡವಾದಲ್ಲಿ ಬಂದು ನಿಲ್ಲುತ್ತದೆ. ಕನ್ನಡಕ್ಕೆ ಅದರ ಹಂಗಿಲ್ಲ. 'ರಾಮನ ಅಂಗಡಿ' ಎಂದರೆ ಒಡೆತನವು ವಿಭಕ್ತಿಯಲ್ಲಿಯೇ ಅಡಗಿರುತ್ತದೆ. ಆದರೆ ನಮಗೂ ಅಷ್ಟೇ ಸಣ್ಣ ಗುರುತುಗಳುಂಟು: ದೀರ್ಘದ ಚಿಹ್ನೆ, ಮಹಾಪ್ರಾಣದ ಸೀಳು, ಸ್ವರವಿಲ್ಲದ ವ್ಯಂಜನದ ಗುರುತು. ಈ ಮೂರನ್ನೂ ವಿವರಿಸುವುದಕ್ಕೆ ಆ ಮೂರು ಊರುಗಳ ಹೆಸರುಗಳೇ ಸಾಕು.

ಮೊದಲನೆಯದು ಬೀದರ್. ಬಿದಿರಿನಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಬಿದಿರು ಹ್ರಸ್ವವಾದರೂ ಊರಿನ ಹೆಸರು ಇಂದು ದೀರ್ಘದಿಂದಲೇ ರೂಢವಾಗಿದೆ. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಕನ್ನಡಕ್ಕೆ ಇಳಿಸುವವರ ಕೈಯಲ್ಲಿ ಅದು 'ಬಿದರ್' ಆಗಿಬಿಡುತ್ತದೆ. ಏಕೆಂದರೆ ಇಂಗ್ಲಿಷಿನಲ್ಲಿ ಬರೆದ ನಮ್ಮ ಹೆಸರುಗಳು ಹ್ರಸ್ವದೀರ್ಘಗಳ ಭೇದವನ್ನು ತೋರಿಸಲಾರವು. ಲಕಾರ ಳಕಾರಗಳ ಭೇದವನ್ನಂತೂ ಮೊದಲೇ ತೋರಿಸವು. ಈ ಭೇದಗಳು ಕೇವಲ ಪಂಡಿತರ ಚರ್ಚೆಯಲ್ಲ. ಬೀದರ್ ಸೀಮೆಯು ತೊಗರಿ, ಹೆಸರು, ಉದ್ದು, ಕಡಲೆಗಳ ನಾಡು. ಬೆಲೆ, ಬೆಳೆ, ಬೇಳೆ ಎಂಬ ಮೂರು ಮಾತುಗಳಿಲ್ಲದೆ ಅಲ್ಲಿನ ಮಂಡಿಯಲ್ಲಿ ವ್ಯಾಪಾರವೇ ಸಾಗದು. ಲಕಾರವಿದ್ದರೆ ಹಣದ ಮಾತು, ಳಕಾರವಾದರೆ ಹೊಲದ ಮಾತು, ಮೊದಲಕ್ಷರವೂ ದೀರ್ಘವಾದರೆ ಅಡುಗೆಮನೆಯ ಮಾತು. 'ಬೆಲೆ ಬಿದ್ದಿತು' ಎಂದರೆ ರೈತನಿಗೆ ಒಂದು ಬಗೆಯ ಕಷ್ಟ, 'ಬೆಳೆ ಬಿದ್ದಿತು' ಎಂದರೆ ಬೇರೊಂದು ಬಗೆಯ ಕಷ್ಟ. 'ಇಲ್ಲಿ ಹಾಲು ದೊರೆಯುತ್ತದೆ' ಎಂಬ ಹಲಗೆಯಲ್ಲಿ ಲಕಾರವು ಳಕಾರವಾದರೆ ಅಂಗಡಿಯವನು ತನಗೆ ತಾನೇ ಶಾಪ ಹಾಕಿಕೊಂಡಂತಾಗುತ್ತದೆ. 13ನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಳಕಾರದ ಬಗೆಗಳನ್ನು ಬೇರೆಬೇರೆಯಾಗಿ ವಿಚಾರಮಾಡಿದ್ದಾನೆ. ಅವನು ಹೇಳಿದ ಭೇದಗಳಲ್ಲಿ ಕೆಲವನ್ನು ಕಾಲವೇ ಅಳಿಸಿತು; ಉಳಿದಿರುವುದನ್ನಾದರೂ ನಾವು ಕಾಪಾಡಿಕೊಳ್ಳಬೇಕು.

ಎರಡನೆಯದು ಭಾಲ್ಕಿ. ಇಲ್ಲಿ ಮೊದಲಕ್ಷರ ಮಹಾಪ್ರಾಣ. ಬಕಾರದ ಕೆಳಗೆ ಒಂದು ಸಣ್ಣ ಸೀಳು. ಅದನ್ನು ಬಿಟ್ಟರೆ ಊರೇ ಬೇರೆಯಾಯಿತು. ಅಚ್ಚಗನ್ನಡ ಮಾತುಗಳಲ್ಲಿ ಮಹಾಪ್ರಾಣವು ಬಹು ವಿರಳ. ಆದುದರಿಂದ ಸಂಸ್ಕೃತದಿಂದಲೂ ಅಕ್ಕಪಕ್ಕದ ಭಾಷೆಗಳಿಂದಲೂ ಬಂದ ಶಬ್ದಗಳಲ್ಲಿ ಅದನ್ನು ಮರೆಯುವುದು ಸಹಜ. 'ನಾಮಫಲಕ' ಎಂಬ ಮಾತೇ ಎಷ್ಟೋ ಕಡೆ 'ನಾಮಪಲಕ'ವಾಗಿರುತ್ತದೆ. 'ಧನಸಹಾಯ'ವು 'ದನಸಹಾಯ'ವಾಗುತ್ತದೆ. ಹೆಸರಾಂತ ದೇವಣಿ ತಳಿಯ ರಾಸುಗಳನ್ನು ಸಾಕುವ ಆ ಸೀಮೆಯಲ್ಲಿ ದನವೇ ಧನವೆಂಬುದು ನಿಜ. ಆದರೂ ಬ್ಯಾಂಕಿನ ಅರ್ಜಿಯಲ್ಲಿ ಎರಡನ್ನೂ ಬೇರೆಯಾಗಿ ಬರೆಯುವುದು ಕ್ಷೇಮ. 'ಒಮ್ಮೆ ಭೇಟಿ ಕೊಡಿ' ಎಂದು ಗಿರಾಕಿಗಳನ್ನು ಕರೆಯುವ ಅಂಗಡಿಯವನು ಆ ಸೀಳನ್ನು ಮರೆತು 'ಬೇಟಿ ಕೊಡಿ' ಎಂದು ಬರೆಸಿದರೆ, ಉರ್ದು ಬಲ್ಲ ಬೀದರಿನವರಿಗೆ ಅವನು ಸರಕು ಮಾರುವ ಬದಲು ಹೆಣ್ಣು ಕೇಳುತ್ತಿರುವಂತೆ ತೋರೀತು!

ಮೂರನೆಯದು ಔರಾದ್. ಇದನ್ನು ಕೆಲವರು 'ಔರಾದ' ಎಂದು ಬರೆಯುತ್ತಾರೆ, ಕೆಲವರು 'ಔರಾದ್' ಎಂದು ಬರೆಯುತ್ತಾರೆ. ಇದರ ಮೂಲವು ನೆರೆಯ ಲಿಪಿಗಳ ಸ್ವಭಾವದಲ್ಲಿದೆ. ಮರಾಠಿ ಹಿಂದಿಗಳಲ್ಲಿ ಶಬ್ದದ ಕೊನೆಯ ವ್ಯಂಜನವನ್ನು ಅಕಾರ ಸಹಿತವಾಗಿಯೇ ಬರೆದರೂ ಓದುವಾಗ ಆ ಅಕಾರವನ್ನು ಸಾಮಾನ್ಯವಾಗಿ ನುಂಗುತ್ತಾರೆ. ಉರ್ದುವಿನಲ್ಲಿ ಹ್ರಸ್ವಸ್ವರಗಳನ್ನು ಬಹುಮಟ್ಟಿಗೆ ಬರೆಯುವುದೇ ಇಲ್ಲ. ಕನ್ನಡವಾದರೋ ಬರೆದುದನ್ನೆಲ್ಲ ಓದುವ ಭಾಷೆ. ಮೂರು ಪದ್ಧತಿಗಳೂ ತಮ್ಮತಮ್ಮ ಮನೆಯಲ್ಲಿ ಸರಿಯೇ. ಆದರೆ ಮೂರೂ ಒಂದೇ ಬೀದಿಯಲ್ಲಿ ಕಲೆತಾಗ 'ಮೆಡಿಕಲ', 'ಸ್ಟೋರ್ಸ', 'ಕಾಲೇಜ' ಎಂಬ ರೂಪಗಳು ಹುಟ್ಟುತ್ತವೆ. ಊರಿನ ಹೆಸರುಗಳಲ್ಲಿ 'ಬೀದರ', 'ಔರಾದ' ಎಂಬ ಸ್ವರಾಂತ ರೂಪಗಳು ಬಹುಕಾಲದ ರೂಢಿಯಿಂದ ಬಂದವು, ಅವನ್ನು ತಪ್ಪೆನ್ನಲಾಗದು. ಒಂದೇ ಹಲಗೆಯ ಮೇಲಣ ಸಾಲಿನಲ್ಲಿ ಒಂದು ರೂಪ, ಕೆಳಗಣ ಸಾಲಿನಲ್ಲಿ ಇನ್ನೊಂದು ರೂಪ ಇರುವುದು ಮಾತ್ರ ಸಲ್ಲದು.

ಇವುಗಳ ಜೊತೆಗೆ ಈಚೆಗೆ ಯಂತ್ರದ ತಪ್ಪೊಂದು ಸೇರಿಕೊಂಡಿದೆ. ಈಗ ಹಲಗೆಯನ್ನು ಕುಂಚದಿಂದ ಬರೆಯುವುದಕ್ಕಿಂತ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಫ್ಲೆಕ್ಸಿನ ಮೇಲೆ ಅಚ್ಚುಹಾಕುವುದೇ ಹೆಚ್ಚು. ಅಕ್ಷರ ಜೋಡಿಸುವವನಿಗೆ ಅರ್ಕಾವೊತ್ತು ಸಿಕ್ಕದಿದ್ದರೆ ಅದರ ಸ್ಥಾನದಲ್ಲಿ ಕನ್ನಡದ ಒಂಬತ್ತರ ಅಂಕೆಯನ್ನು ಇಟ್ಟು 'ಕಾಯ೯ದಶಿ೯' ಎಂದು ಮುಗಿಸುತ್ತಾನೆ. ಕಣ್ಣಿಗೆ ಅದು ಸರಿಯೆಂದೇ ತೋರುತ್ತದೆ. ಆದರೆ ಯಂತ್ರಕ್ಕೆ ಅದು ಅಕ್ಷರವಲ್ಲ, ಅಂಕೆ. ಮುಂದೆ ಯಾರಾದರೂ ಆ ಶಬ್ದವನ್ನು ಯಂತ್ರದಲ್ಲಿ ಹುಡುಕಿದರೆ ಅದು ದೊರೆಯದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕಾಗುಣಿತದ ತಪ್ಪು ಬೇರೆ, ಆಡುನುಡಿಯ ಬೆಡಗು ಬೇರೆ. ಬೀದರಿನ ಕನ್ನಡದಲ್ಲಿ ಉರ್ದು ಮರಾಠಿಗಳ ಮಾತುಗಳು ಹಾಸುಹೊಕ್ಕಾಗಿವೆ. ಮೈಸೂರಿನವನ ಕಿವಿಗೆ ಅದು ಹೊಸದಾಗಿ ಕೇಳಬಹುದು. ಅಷ್ಟಕ್ಕೇ ಅದನ್ನು ಅಶುದ್ಧವೆಂದು ನಗುವವನು ಭಾಷೆಯನ್ನು ಅರಿತವನಲ್ಲ. ನಾವು ತಿದ್ದಬೇಕಾದುದು ಬರೆದ ಅಕ್ಷರವನ್ನು, ಜನರ ನಾಲಗೆಯನ್ನಲ್ಲ.

ಹಲಗೆಯ ತಪ್ಪಿಗೆ ನಕ್ಕು ಮುಂದೆ ಹೋಗಬಹುದು. ದಾಖಲೆಯ ತಪ್ಪು ಹಾಗಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಒಂದೇ ಮನೆತನದ ಹೆಸರು ಅಜ್ಜನ ಕಾಲದಲ್ಲಿ ಉರ್ದುವಿನಲ್ಲಿ, ಮಗನ ಕಾಲದಲ್ಲಿ ಕನ್ನಡದಲ್ಲಿ, ಮೊಮ್ಮಗನ ಕಾಲದಲ್ಲಿ ಇಂಗ್ಲಿಷಿನಲ್ಲಿ ಬರೆಯಲ್ಪಡುವುದು ಅಲ್ಲಿ ಅಪರೂಪವಲ್ಲ. ಒಬ್ಬನೇ ಮನುಷ್ಯನು ಪಹಣಿಯಲ್ಲಿ 'ಕಾಶೀನಾಥ', ಬ್ಯಾಂಕಿನ ಪುಸ್ತಕದಲ್ಲಿ 'ಕಾಶಿನಾತ್', ಆಧಾರ್ ಚೀಟಿಯಲ್ಲಿ 'ಕಾಸಿನಾಥ್' ಆದರೆ, ಈ ಮೂವರೂ ತಾನೊಬ್ಬನೇ ಎಂದು ಸಾಬೀತುಮಾಡುವ ಹೊಣೆ ಅವನ ತಲೆಯ ಮೇಲೆಯೇ ಬೀಳುತ್ತದೆ. ಸಾಲಕ್ಕೆ, ಬೆಳೆವಿಮೆಗೆ, ವೃದ್ಧಾಪ್ಯದ ವೇತನಕ್ಕೆ ಅವನು ಪ್ರಮಾಣಪತ್ರ ಹಿಡಿದು ಅಲೆಯಬೇಕು. ಬರೆದವನಿಗೆ ಅದು ಅರೆಗಳಿಗೆಯ ಅಲಕ್ಷ್ಯ. ಬರೆಸಿಕೊಂಡವನಿಗೆ ಎಷ್ಟೋ ದಿನಗಳ ಕೂಲಿ.

ಇದಕ್ಕೆ ಪರಿಹಾರವು ಕಷ್ಟವಾದುದಲ್ಲ. ಹೆಸರನ್ನು ಬರೆದುಕೊಳ್ಳುವ ಗುಮಾಸ್ತನು 'ನಿಮ್ಮ ಹೆಸರಿನಲ್ಲಿ ಯಾವ ಸಕಾರ? ದೀರ್ಘವುಂಟೆ?' ಎಂದು ಕೇಳಿ, ಬರೆದುದನ್ನು ಒಮ್ಮೆ ಓದಿ ಹೇಳಲಿ. ಹಲಗೆ ಬರೆಸುವವನು ಮೊದಲು ಕಾಗದದ ಮೇಲೆ ಬರೆದು ಹತ್ತಿರದ ಶಾಲೆಯ ಕನ್ನಡ ಮೇಷ್ಟರಿಗೆ ತೋರಿಸಲಿ. ಸಂದೇಹ ಬಂದರೆ 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದಿರುವ ನಿಘಂಟು ಇದೆ. ಅಂಗಡಿ ಮುಂಗಟ್ಟುಗಳ ಫಲಕದಲ್ಲಿ 100ಕ್ಕೆ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕಾಯಿದೆಯ ತಿದ್ದುಪಡಿಯಾಗಿದೆ. ಕಾಯಿದೆಯು ಕನ್ನಡಕ್ಕೆ ಹಲಗೆಯ ಮೇಲೆ ಜಾಗವನ್ನು ಕೊಡಿಸಬಲ್ಲದು. ಆ ಕನ್ನಡವು ಸರಿಯಾಗಿರುವಂತೆ ನೋಡಿಕೊಳ್ಳಬೇಕಾದವರು ನಾವು.

ಹಲಗೆಯನ್ನು ಕುರಿತ ಒಂದು ಸಂಗತಿಯನ್ನು ಬೀದರ್ ಸೀಮೆಯವರು ಇಂದಿಗೂ ನೆನೆಯುತ್ತಾರೆ. ನಿಜಾಮರ ಆಳಿಕೆಯ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆಯನ್ನು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಪಾಠ ಹೇಳಿಸಿದರು. ಅಂದು ಕನ್ನಡವನ್ನು ಉಳಿಸಿಕೊಳ್ಳುವುದಕ್ಕೆ ಅದನ್ನು ಹಲಗೆಯಿಂದ ಮರೆಮಾಡಬೇಕಾಗಿತ್ತು. ಇಂದು ಅದೇ ಸೀಮೆಯಲ್ಲಿ ಕನ್ನಡವು ನಿರ್ಭಯವಾಗಿ ಬೀದಿಯಲ್ಲಿ ನಿಂತಿದೆ. ಅಲ್ಲಿನ ಮಗುವು ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ತೆಲುಗನ್ನೋ ಆಡುತ್ತ, ಶಾಲೆಗೆ ಹೋಗುವ ದಾರಿಯಲ್ಲಿ ಹಲಗೆಗಳನ್ನು ಕೂಡಿಸಿ ಕೂಡಿಸಿ ಓದಿ ಕನ್ನಡ ಕಲಿಯುತ್ತದೆ. ಬೀದಿಯು ಕಲಿಸಿದ ತಪ್ಪನ್ನು ಅಳಿಸುವುದು ಶಾಲೆಗೆ ಸುಲಭವಲ್ಲ. ಮುಂದಿನ ಸಲ ನಮ್ಮಲ್ಲಿ ಯಾರಾದರೂ ಹಲಗೆ ಬರೆಸುವಾಗ ಆ ಮಗುವನ್ನು ನೆನೆದು ಇನ್ನೊಂದು ಸಲ ಓದಿ ನೋಡುವುದಾದರೆ, ಈ ಭಾಷಣವು ಸಾರ್ಥಕವಾದೀತು.