ನೆರೆಮನೆಯ ನಾಯಿಗೆ ಪೆಟ್ಟಾದಾಗ

(ನಮ್ಮ ಬಳಗದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಂಘಟಕರು ನನ್ನನ್ನು ಕರೆದದ್ದು ಅಡಿಕೆಯ ಕೊಳೆರೋಗದ ಬಗ್ಗೆ ಮಾತನಾಡಲು. ಅದನ್ನು ಮಳೆಗಾಲಕ್ಕೆ ಮುಂಚೆ ಪ್ರತ್ಯೇಕವಾಗಿ ಮಾತನಾಡೋಣವೆಂದು ಕೇಳಿಕೊಂಡು, ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ನೆರೆಮನೆಯ ಸಾಕುಪ್ರಾಣಿ ಅಪಘಾತಕ್ಕೆ ಸಿಕ್ಕಾಗ ನಾವು ಏನು ಮಾಡಬೇಕು, ಏನು ಮಾಡಬಾರದು ಎಂಬುದು ಆ ವಿಷಯ. ನಾನು ಪಶುವೈದ್ಯನಲ್ಲ, ಮಣ್ಣು ಮತ್ತು ಬೆಳೆಗಳ ಬಗ್ಗೆ ಓದಿ ಡಾಕ್ಟರೇಟ್ ಪಡೆದವನು. ಆದರೆ ಹೆಸರಿನ ಮುಂದೆ ‘ಡಾ.’ ಇದೆಯೆಂಬ ಕಾರಣಕ್ಕೆ ಊರಿನವರು ಒಮ್ಮೆ ಪೆಟ್ಟಾದ ನಾಯಿಯ ಬಳಿಗೆ ನನ್ನನ್ನೇ ಕರೆದರು. ಆ ದಿನ ನಾನು ಮಾಡಿದ ತಪ್ಪುಗಳೇ ಇಂದಿನ ಪಾಠ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ನಾನು ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಆ ಮನೆಯಲ್ಲಿ ಉಳಿದದ್ದು ಅವರು, ಎರಡು ಹಸು ಮತ್ತು ಕರಿಯ ಎಂಬ ನಾಯಿ. ತೋಟಕ್ಕೆ ಮಂಗ ಬಂದರೂ, ಗದ್ದೆಗೆ ಹಂದಿ ಇಳಿದರೂ ಮೊದಲು ಕೂಗುತ್ತಿದ್ದವನು ಕರಿಯನೇ. ಒಂದು ಆಷಾಢದಲ್ಲಿ ದೊಡ್ಡಮ್ಮ ಮಗಳ ಮನೆಗೆ ಹೊರಟರು. “ಹಸುವಿಗೆ ಆಳು ಬತ್ತಾನೆ. ಕರಿಯನಿಗೆ ಮಾತ್ರ ಎರಡು ಹೊತ್ತು ಅನ್ನ ಹಾಕು ತಮ್ಮಾ” ಎಂದು ನನಗೆ ಹೇಳಿ ಬಸ್ಸು ಹತ್ತಿದರು.

ನಾಲ್ಕನೆಯ ದಿನ ಮಧ್ಯಾಹ್ನ ಮಂಗಗಳನ್ನು ಅಟ್ಟಿಸಿಕೊಂಡು ರಸ್ತೆಗೆ ನುಗ್ಗಿದ ಕರಿಯನಿಗೆ ತಿರುವಿನಲ್ಲಿ ಬಂದ ಜೀಪು ಬಡಿಯಿತು. ನಾನು ಹೋಗುವಷ್ಟರಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಒಬ್ಬರು ಬಾಯಿಗೆ ನೀರು ಬಿಡುತ್ತಿದ್ದರು. ಇನ್ನೊಬ್ಬರು ಗಾಯಕ್ಕೆ ಕಾಫಿಪುಡಿ ತಂದಿದ್ದರು. ಮೂರನೆಯವರು, ಹಸುವಿಗೆ ತಂದ ನೋವಿನ ಇಂಜೆಕ್ಷನ್ನು ಮನೆಯಲ್ಲಿ ಉಳಿದಿದೆ, ಚುಚ್ಚೋಣವೇ ಎಂದು ಕೇಳಿದರು. ಯುವಕರು ಜೀಪಿನ ಚಾಲಕನ ಕೊರಳಪಟ್ಟಿ ಹಿಡಿದಿದ್ದರು. ನಾನು ಮುಂಗಾಲು ಹಿಡಿದೆ, ಇನ್ನೊಬ್ಬರು ಹಿಂಗಾಲು ಹಿಡಿದರು. ಇಬ್ಬರೂ ಕರಿಯನನ್ನು ತೂಗಾಡಿಸುತ್ತ ಕಾರಿನ ಹಿಂಭಾಗಕ್ಕೆ ಹಾಕಿದೆವು. ದಿನವೂ ನನ್ನ ಕೈಯಿಂದ ಅನ್ನ ತಿನ್ನುತ್ತಿದ್ದ ಪ್ರಾಣಿ ನನ್ನ ಅಂಗೈಯನ್ನು ಕಚ್ಚಿತು.

ತಾಲ್ಲೂಕು ಕೇಂದ್ರದ ಪಶುವೈದ್ಯರು ಪರೀಕ್ಷಿಸಿ ಹೇಳಿದರು: “ಬೆನ್ನುಮೂಳೆ ಮುರಿದಿದೆ. ಜೀಪಿನಿಂದಲೇ ಆಯಿತೋ, ಎತ್ತುವಾಗ ಹೆಚ್ಚಾಯಿತೋ ಹೇಳಲಾರೆ. ಇನ್ನು ಮುಂದೆ ಹಲಗೆಯ ಮೇಲೆ ತನ್ನಿ ಸಾರ್.” ಆ ಸಂಜೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ವಯಸ್ಸಾದವರು, ಗಾಬರಿಯಾದಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, “ಸ್ವಲ್ಪ ಪೆಟ್ಟಾಗಿದೆ, ಔಷಧ ಹಾಕಿಸಿದ್ದೇವೆ” ಎಂದಷ್ಟೇ ಹೇಳಿದೆ. ಕರಿಯ ಮರುದಿನ ರಾತ್ರಿ ಸತ್ತ. ವಾರ ಕಳೆದು ಬಂದ ದೊಡ್ಡಮ್ಮ ಮಣ್ಣು ಮಾಡಿದ ಜಾಗವನ್ನು ನೋಡಿ, ನನ್ನನ್ನು ಬೈಯಲಿಲ್ಲ. “ನಿಜ ಹೇಳಿದ್ರೆ ರಾತ್ರಿ ಬಸ್ಸಿಗೇ ಬತ್ತಿದ್ನಲ್ಲ ತಮ್ಮಾ. ಬೆಳಿಗ್ಗೆ ನಾನು ಅದರ ಹತ್ರ ಇರ್ತಿದ್ದೆ” ಎಂದರು. ಬೆನ್ನುಮೂಳೆಯ ವಿಚಾರದಲ್ಲಿ ನನಗೆ ಅನುಮಾನದ ಲಾಭ ದೊರೆಯಬಹುದು. ಈ ಮಾತಿನಲ್ಲಿ ದೊರೆಯುವುದಿಲ್ಲ.

ಮೊದಲ ಅರ್ಧ ಗಂಟೆ

ಮಲೆನಾಡಿನಲ್ಲಿ ಪಶುವೈದ್ಯರು ದೂರ. ಆದ್ದರಿಂದ ಮೊದಲ ಅರ್ಧ ಗಂಟೆಯ ಚಿಕಿತ್ಸೆ ನೆರೆಯವರ ಕೈಯಲ್ಲಿಯೇ ಇರುತ್ತದೆ. ಅನಂತರ ಪಶುವೈದ್ಯರಿಂದ ನಾನು ಕೇಳಿ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ರಸ್ತೆಯನ್ನು ನೋಡಿರಿ. ತಿರುವಿನ ಎರಡೂ ಕಡೆ ಒಬ್ಬೊಬ್ಬರು ನಿಲ್ಲಲಿ, ಇಲ್ಲವೇ ಸೊಪ್ಪಿನ ಗೆಲ್ಲು ಇಡಲಿ. ಗುಂಪನ್ನು ದೂರ ಸರಿಸಿರಿ. ಪ್ರಾಣಿಗೆ ಪರಿಚಿತರಾದ ಒಬ್ಬರು ಮೆಲ್ಲಗೆ ಮಾತನಾಡುತ್ತ ಬಳಿಗೆ ಹೋಗಲಿ. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚುತ್ತದೆ. ಟವೆಲಿನ ಪಟ್ಟಿಯನ್ನು ಮೂತಿಗೆ ಸುತ್ತಿ, ಗಲ್ಲದ ಕೆಳಗೆ ದಾಟಿಸಿ, ಕಿವಿಗಳ ಹಿಂದೆ ಕಟ್ಟಬೇಕು. ಆದರೆ ಅದು ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ, ಬಾಯಿಯಲ್ಲಿ ರಕ್ತ ಬರುತ್ತಿದ್ದರೆ ಬಾಯಿ ಕಟ್ಟಕೂಡದು. ಬೆಕ್ಕಾದರೆ ದಪ್ಪ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿಡಿ.

ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆ ಒತ್ತಿ, ಕೈ ತೆಗೆಯದೆ ಐದು ನಿಮಿಷ ಹಿಡಿದಿರಬೇಕು. ಬಟ್ಟೆ ತೊಯ್ದರೆ ಅದನ್ನು ಕೀಳದೆ ಮೇಲೆ ಇನ್ನೊಂದನ್ನು ಇಡಬೇಕು. ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ ಬೇಡ. ಅನಂತರ ತುಟಿಯನ್ನು ಎತ್ತಿ ಒಸಡನ್ನು ನೋಡಿರಿ. ಬೆರಳಿನಿಂದ ಒತ್ತಿ ಬಿಟ್ಟಾಗ ಸುಮಾರು 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಒಸಡು ಬಿಳಿಚಿಕೊಂಡಿದ್ದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು, ತಡಮಾಡಬಾರದು.

ಕಾಲು ಹಿಡಿದು ಎತ್ತಲೇಬಾರದು. ಅಗಲವಾದ ಹಲಗೆ, ಹಳೆಯ ಬಾಗಿಲು, ಯಾವುದಾದರೂ ಸರಿ. ಬೆನ್ನು ಬಾಗದಂತೆ ಪ್ರಾಣಿಯನ್ನು ಅದರ ಮೇಲೆ ಸರಿಸಬೇಕು. ಏನೂ ಇಲ್ಲವಾದರೆ ಕಂಬಳಿಯನ್ನು ನಾಲ್ಕು ಮೂಲೆಗಳಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಇನ್ನೊಂದು ಕಂಬಳಿ ಹೊದಿಸಿ ಬೆಚ್ಚಗಿಡಿ. ನೀರು, ಹಾಲು, ಅನ್ನ ಯಾವುದನ್ನೂ ಕೊಡಬೇಡಿ. ಅರೆಪ್ರಜ್ಞೆಯಲ್ಲಿ ಅದು ಶ್ವಾಸಕೋಶಕ್ಕೆ ಹೋದೀತು. ಅರಿವಳಿಕೆ ಕೊಡಬೇಕಾಗಿ ಬಂದರೂ ತೊಂದರೆಯಾದೀತು.

“ಎದ್ದು ನಡೆಯಿತು, ಏನೂ ಆಗಿಲ್ಲ” ಎಂಬ ಮಾತನ್ನು ನಂಬಬೇಡಿ. ಎದೆಯೊಳಗೆ ಗಾಳಿ ಸೋರುವುದು, ಮೂತ್ರಕೋಶ ಒಡೆಯುವುದು ಕೆಲವು ಗಂಟೆಗಳ ಮೇಲೆ ಗೊತ್ತಾಗುತ್ತದೆ. ಪಶುಪಾಲನಾ ಇಲಾಖೆಯ ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ 1962. ಸಿಗ್ನಲ್ ಸಿಗುವ ದಿಬ್ಬಕ್ಕೆ ಒಬ್ಬರನ್ನು ಕೂಡಲೇ ಓಡಿಸಿರಿ.

ಉಳಿದ ಔಷಧದ ವಿಚಾರ

ಹಸುವಿನ ಇಂಜೆಕ್ಷನ್ನನ್ನು ಅಂದು ನಾನು ಬೇಡವೆಂದದ್ದು ತಿಳಿವಳಿಕೆಯಿಂದಲ್ಲ, ಅವಸರದಿಂದ. ಮನುಷ್ಯರ ನೋವಿನ ಮಾತ್ರೆಗಳಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಬೆಕ್ಕಿಗೆ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಇದು ಆ ಒಂದು ಪ್ರಾಣಿಗಷ್ಟೇ ಸೀಮಿತವಾದ ಸಂಗತಿಯೂ ಅಲ್ಲ. ಡೈಕ್ಲೊಫೆನಾಕ್ ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂಬುದು 2004ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ನಮ್ಮ ದೇಶದ ರಣಹದ್ದುಗಳ ಬಹುಪಾಲು ಅಳಿದುಹೋಗಿತ್ತು. ಪಶುಗಳಿಗೆ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು; 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳನ್ನೂ ಪಶುಬಳಕೆಯಿಂದ ತೆಗೆಯಿತು. ರಣಹದ್ದುಗಳಿಗೆ ಹಾನಿಯಾಗದ ಮೆಲಾಕ್ಸಿಕಾಮ್ ಎಂಬ ಔಷಧ ಇದೆ. ಅದನ್ನೂ ಪ್ರಮಾಣ ನೋಡಿ ಕೊಡಬೇಕಾದವರು ವೈದ್ಯರೇ. ಕರುಣೆಯಿಂದ ಚುಚ್ಚಿದ ಸೂಜಿ ಆಕಾಶದ ಹಕ್ಕಿಯವರೆಗೆ ತಲುಪುತ್ತದೆ ಎಂಬುದನ್ನು ನಾವು ಮರೆಯಬಾರದು. ಪ್ರಾಣಿ ಸತ್ತರೂ ಹಾಗೆಯೇ: ಕಾಡಿನಂಚಿಗೋ ಹಳ್ಳಕ್ಕೋ ಎಸೆಯದೆ, ಬಾವಿ ಮತ್ತು ಹಳ್ಳದಿಂದ ದೂರ ಆಳವಾಗಿ ಹೂಳಬೇಕು.

ಸಹಾಯ ಮಾಡಿದವರ ಸುರಕ್ಷೆ

ಕಚ್ಚಿದ ನನ್ನ ಕೈಯನ್ನು ನಾನು ಅಂದು ರಾತ್ರಿಯವರೆಗೆ ನೋಡಿಕೊಳ್ಳಲಿಲ್ಲ. ಅದು ಮೂರ್ಖತನ. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ನಮ್ಮ ಊರಿನದೇ ನಾಯಿ, ಅದಕ್ಕೆ ಲಸಿಕೆ ಆಗಿದೆ ಎಂದು ಕಾಯಬಾರದು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತ್ಯಂತ ಅಪರೂಪ. ಆದರೆ ಸಕಾಲದ ಲಸಿಕೆ ಅದನ್ನು ತಡೆಯುತ್ತದೆ. ಹೊಟ್ಟೆಗೆ 14 ಇಂಜೆಕ್ಷನ್ ಎಂಬ ಕಾಲ ಹೋಯಿತು. ಈಗ ಕೊಡುವುದು ತೋಳಿಗೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೆಯ ದಿನ ಹೋಗಬೇಕು. ಒಂದನ್ನೂ ತಪ್ಪಿಸಬಾರದು.

ನಾಯಿಯ ಮೈಮೇಲೆ ಕಾಡಿನ ಉಣುಗು ಇರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಎತ್ತಿ ಬಂದವರು ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮೈಯನ್ನು ಪರೀಕ್ಷಿಸಿಕೊಳ್ಳಲಿ.

ಚಾಲಕ ಮತ್ತು ಒಡೆಯ

ಜೀಪಿನ ಚಾಲಕನ ಬಗ್ಗೆ ಒಂದು ಮಾತು. ಅವನು ನಿಲ್ಲಿಸಿದ್ದ. ನಿಲ್ಲಿಸಿದವನಿಗೇ ಹೊಡೆದರೆ ಮುಂದಿನವನು ನಿಲ್ಲಿಸುವುದಿಲ್ಲ. ಅಂದು ರಸ್ತೆಯಲ್ಲಿದ್ದ ಅತ್ಯಂತ ಸಮೀಪದ ವಾಹನ ಅವನದೇ. ಹಿಂದೆ ಹಲಗೆ ಹಾಸುವಷ್ಟು ಜಾಗವೂ ಇತ್ತು. ನಾವು ಜಗಳದಲ್ಲಿ ಕಳೆದ ಹೊತ್ತು ಕರಿಯನ ಹೊತ್ತಾಗಿತ್ತು. ವಾಹನದ ಸಂಖ್ಯೆ ಬರೆದುಕೊಳ್ಳಿ, ದೂರು ಕೊಡುವುದಿದ್ದರೆ ಅನಂತರ ಕೊಡಿ. ಜೀವಿಗಳ ಬಗ್ಗೆ ಅನುಕಂಪ ತೋರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. ಆ ಕರ್ತವ್ಯ ಚಾಲಕನಿಗಿರುವಂತೆ ಸುತ್ತ ನಿಂತವರಿಗೂ ಇದೆ.

ಕೊನೆಯದು ಒಡೆಯರಿಗೆ ಸುದ್ದಿ ತಿಳಿಸುವುದು. ಏನಾಯಿತು, ಈಗ ಹೇಗಿದೆ, ಎಲ್ಲಿಗೆ ಒಯ್ಯುತ್ತಿದ್ದೇವೆ — ಈ ಮೂರನ್ನು ಕಂಡಂತೆ ಹೇಳಬೇಕು. ಕಡಿಮೆ ಮಾಡಿಯೂ ಹೇಳಬಾರದು, ವೈದ್ಯರು ನೋಡುವ ಮೊದಲೇ “ಉಳಿಯುವುದಿಲ್ಲ” ಎಂದೂ ಹೇಳಬಾರದು. ಶಸ್ತ್ರಚಿಕಿತ್ಸೆ ಮಾಡಿಸುವುದೇ, ಎಷ್ಟು ಖರ್ಚು ಮಾಡುವುದು, ಬದುಕುವ ಆಸೆಯಿಲ್ಲದ ಪ್ರಾಣಿಗೆ ನೋವಿಲ್ಲದ ಸಾವು ಕೊಡಿಸುವುದೇ ಎಂಬ ತೀರ್ಮಾನಗಳು ಅವರವು. ಅವರು ಸಿಗದಿದ್ದರೆ ವೈದ್ಯರ ಮಾತಿನಂತೆ ನಡೆಯಬೇಕು. ನೆರೆಯವರ ಕೆಲಸ ಕರೆದೊಯ್ಯುವುದು, ಜೊತೆಗಿರುವುದು, ನಿಜ ಹೇಳುವುದು. ನಾನು ದೊಡ್ಡಮ್ಮನಿಂದ ಕಸಿದುಕೊಂಡದ್ದು ಕರಿಯನ ಕೊನೆಯ ಒಂದು ಹಗಲನ್ನು. ಅದನ್ನು ಹಿಂದಕ್ಕೆ ಕೊಡಲು ನನ್ನಿಂದಾಗದು.

ವಿದ್ಯಾರ್ಥಿ ಮಿತ್ರರೇ, ನಿಮಗೆ ಎರಡು ಕೆಲಸ ಕೊಡುತ್ತೇನೆ. ನಿಮ್ಮ ಊರಿನ ಡೈರಿಯ ಗೋಡೆಯ ಮೇಲೂ ಬಸ್ ನಿಲ್ದಾಣದಲ್ಲಿಯೂ 1962 ಎಂಬ ಸಂಖ್ಯೆಯನ್ನು, ಹತ್ತಿರದ ಪಶುವೈದ್ಯ ಆಸ್ಪತ್ರೆಯ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಮತ್ತು ಒಂದು ಗಟ್ಟಿ ಹಲಗೆ, ಹಳೆಯ ಕಂಬಳಿ, ನಾಲ್ಕು ಶುಭ್ರ ಬಟ್ಟೆಗಳನ್ನು ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿ ಇಡಿಸಿರಿ. ನಮ್ಮ ಊರಿನಲ್ಲಿ ಅವು ದೊಡ್ಡಮ್ಮನ ಜಗಲಿಯಲ್ಲಿವೆ. ಹಲಗೆ ಕೊಟ್ಟವರೂ ಅವರೇ.