ಒಂದಕ್ಕೆ ನೂರರವತ್ತು



ಜ್ವರ ಐದಾರು ದಿನ ಬಿಡದಿದ್ದರೆ ನಮ್ಮ ಕಡೆ ಯಾರಾದರೂ ಕೇಳಿಯೇ ಕೇಳುತ್ತಾರೆ: 'ವೈಡಾಲ್ ಮಾಡಿಸಿದ್ರಾ?' ಟೈಫಾಯ್ಡ್ ಪತ್ತೆಮಾಡುವ ಈ ರಕ್ತಪರೀಕ್ಷೆಗೆ ಬಂದದ್ದು ಒಬ್ಬ ವೈದ್ಯರ ಹೆಸರು. ಪ್ಯಾರಿಸ್ಸಿನ ಫರ್ನಾಂಡ್ ವಿಡಾಲ್.

1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿತಾಸಾಟೊ ಒಂದು ಸಂಗತಿ ತೋರಿಸಿದ್ದರು. ಧನುರ್ವಾಯುವಿನ ವಿಷವನ್ನು ತಡೆಯುವ ಶಕ್ತಿ ರಕ್ತದ ತಿಳಿನೀರಿನಲ್ಲಿ, ಅಂದರೆ ಸೀರಮ್ಮಿನಲ್ಲಿ ಇರುತ್ತದೆ. ನಾವು ಪ್ರತಿಕಾಯ ಅನ್ನುವುದು ಅದನ್ನೇ. ಕಣ್ಣಿಗೆ ಕಾಣದ ಅದನ್ನು ಅಳೆಯುವುದು ಹೇಗೆ? 1896ರಲ್ಲಿ ವಿಯೆನ್ನಾದ ಗ್ರೂಬರ್ ಮತ್ತು ಡರಮ್, ಇಂಥ ಸೀರಮ್ ಬೆರೆಸಿದರೆ ರೋಗಾಣುಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ ಎಂದು ಕಂಡುಕೊಂಡರು. ಅದೇ ವರ್ಷ ವಿಡಾಲ್ ಅದನ್ನು ತಿರುವಿಹಾಕಿದರು. ಟೈಫಾಯ್ಡ್ ರೋಗಾಣು ನಮ್ಮ ಕೈಯಲ್ಲಿದೆ; ರೋಗಿಯ ಸೀರಮ್ ಹಾಕಿ ನೋಡೋಣ, ಗಂಟುಕಟ್ಟುತ್ತದೆಯೇ?

ಸಾಲಾಗಿ ಗಾಜಿನ ನಳಿಗೆಗಳು. ಒಂದರಿಂದ ಇನ್ನೊಂದಕ್ಕೆ ಹೋದಂತೆ ಸೀರಮ್ ಅರ್ಧರ್ಧ ತೆಳುವಾಗುತ್ತದೆ: 1:20, 1:40, 1:80, 1:160. ಪ್ರತಿಯೊಂದಕ್ಕೂ ಅಷ್ಟಷ್ಟೇ ರೋಗಾಣು. ಇಡೀ ರಾತ್ರಿ ಬೆಚ್ಚಗಿಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿದರೆ, ಕೆಲವುಗಳ ತಳದಲ್ಲಿ ಹತ್ತಿಯ ಹಾಗೆ ಹರಡಿದ ಪದರ, ಮೇಲೆ ತಿಳಿ. ಉಳಿದವು ಕದಡಿಯೇ ಇರುತ್ತವೆ. ಗಂಟುಕಟ್ಟಿದ ಕೊನೆಯ ನಳಿಗೆಯ ಸಂಖ್ಯೆಯೇ ರಿಪೋರ್ಟಿನಲ್ಲಿ ಬರುವ ಟೈಟರ್.

ಒಂದು ಮಾತನ್ನು ಒತ್ತಿ ಹೇಳಬೇಕು. ಹಿಂದೆಂದೋ ಬಂದುಹೋದ ಸೋಂಕು, ಹಾಕಿಸಿಕೊಂಡ ಲಸಿಕೆ ಕೂಡ ಈ ಅಂಕಿಯನ್ನು ಏರಿಸಿರಬಹುದು. ವಾರದ ಅಂತರದಲ್ಲಿ ಎರಡು ಸಲ ನೋಡಿ, ನಾಲ್ಕು ಪಟ್ಟು ಏರಿದ್ದರೆ ಆ ಏರಿಕೆಗೆ ಬೆಲೆ. ಒಂದೇ ವೈಡಾಲ್ ಹಿಡಿದು ಆಂಟಿಬಯೋಟಿಕ್ ನುಂಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಾತ್ರೆ ಶುರುಮಾಡುವ ಮೊದಲೇ ರಕ್ತದ ಕಲ್ಚರ್‌ಗೆ ಕೊಡುವುದು ಹೆಚ್ಚು ನಂಬಿಕೆಯ ದಾರಿ.

ಮುಂದಿನ ದೊಡ್ಡ ಹೆಜ್ಜೆ ನ್ಯೂಯಾರ್ಕಿನದು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರ ರಕ್ತದಲ್ಲಿ ಅದಕ್ಕೇ ಪ್ರತಿಕಾಯ ಹುಟ್ಟುತ್ತದೆಂದು ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಬರೆದಾಗ ವಿಜ್ಞಾನ ಪತ್ರಿಕೆಗಳು ನಂಬದೆ ಹಿಂದಿರುಗಿಸಿದವು. 1956ರಲ್ಲಿ ಲೇಖನ ಅಚ್ಚಾಗುವಾಗ ತಲೆಬರಹದಿಂದ 'ಪ್ರತಿಕಾಯ' ಎಂಬ ಪದವನ್ನೇ ತೆಗೆಯಬೇಕಾಯಿತು. ಆ ತಿರಸ್ಕಾರದ ಪತ್ರವನ್ನು ಯಾಲೊ ಜೋಪಾನವಾಗಿಟ್ಟುಕೊಂಡು, 1977ರ ನೊಬೆಲ್ ಭಾಷಣದಲ್ಲಿ ಎಲ್ಲರಿಗೂ ತೋರಿಸಿದರು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಈ ಪ್ರತಿಕಾಯಗಳನ್ನೇ ಬಳಸಿ ಅವರಿಬ್ಬರು ಕಟ್ಟಿದ ಅಳತೆಯ ವಿಧಾನಕ್ಕೆ ವಿಕಿರಣ ಬೇಕಿತ್ತು. 1971ರಲ್ಲಿ ಸ್ಟಾಕ್‌ಹೋಮಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ವಿಕಿರಣದ ಜಾಗದಲ್ಲಿ ಕಿಣ್ವ ಇಟ್ಟರು. ಅದೇ ಎಲೈಸಾ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೂ ಇಂದು ಈ ಪರೀಕ್ಷೆ ಇದೆ. ಜ್ವರದ ಮೊದಲ ದಿನಗಳು ದಾಟಿದ ಮೇಲೆ ತೆಗೆದ ರಕ್ತ ಇದಕ್ಕೆ ಬೇಕು. 96 ಪುಟ್ಟ ಗುಳಿಗಳ ತಟ್ಟೆಯಲ್ಲಿ ಪ್ರತಿಕಾಯ ಇದ್ದ ಗುಳಿ ನೀಲಿಗೆ ತಿರುಗುತ್ತದೆ, ಒಂದು ಹನಿ ಆಮ್ಲ ಬಿದ್ದೊಡನೆ ಅರಿಶಿನ ಬಣ್ಣ.